ಗಾಜಿನ ಪೆಟ್ಟಿಗೆಯಲ್ಲಿ ಯಾರ ಚರಿತ್ರೆ?

ಕಳೆದ ವಾರ ಸಾಗರ ತಾಲ್ಲೂಕಿನ ಒಬ್ಬ ವೃದ್ಧ ರೈತರು ನಮ್ಮ ಕಛೇರಿಗೆ ಬಂದಿದ್ದರು. ವಯಸ್ಸು ಎಂಬತ್ತು ದಾಟಿದೆ. ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ಅದನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರು. ಗೇಣಿ ಸಂದಾಯವಾದ ನಾಲ್ಕು ರಸೀತಿಗಳು. ರಸೀತಿ ಕೊಡುವ ಪದ್ಧತಿಯೇ ಅಪರೂಪವಾಗಿದ್ದ ಕಾಲದಲ್ಲಿ ಸಿಕ್ಕಿದ್ದು ಅಷ್ಟೇ. ಗದ್ದೆ ಬಿಡಬೇಕೆಂದು ಬಂದ ಒಂದು ನೋಟೀಸು. ಭೂ ನ್ಯಾಯಮಂಡಳಿಗೆ ಸಲ್ಲಿಸಿದ ನಮೂನೆ 7ರ ನಕಲು, ಅದರ ಕೆಳಗೆ ಅವರ ತಂದೆಯ ಹೆಬ್ಬೆಟ್ಟಿನ ಗುರುತು. ಕಾಗದಗಳ ಅಂಚನ್ನು ಗೆದ್ದಲು ತಿಂದಿತ್ತು. ಮನೆ ರಿಪೇರಿಗೆಂದು ಅಟ್ಟ ಖಾಲಿ ಮಾಡುವಾಗ ಮೊಮ್ಮಗ ಇವನ್ನು ಒಲೆಗೆ ಹಾಕಲು ತೆಗೆದಿದ್ದನಂತೆ.

“ಸುಡಲಿಕ್ಕೆ ಮನಸ್ಸು ಬರಲಿಲ್ಲ ಮೇಷ್ಟ್ರೆ. ಇದನ್ನ ಇಡೋ ಜಾಗ ಎಲ್ಲಾದ್ರೂ ಉಂಟಾ?” ಎಂದು ಕೇಳಿದರು.

ನಾವು ತಟ್ಟನೆ ಉತ್ತರ ಹೇಳಲಾರದೆ ಹೋದೆವು. ಜಿಲ್ಲೆಯಲ್ಲಿ ವಿಶ್ವವಿದ್ಯಾನಿಲಯವಿದೆ, ಅಲ್ಲಿ ಪುಸ್ತಕಾಲಯವಿದೆ, ಓದಿದವರಿದ್ದಾರೆ. ಆದರೂ “ಅಲ್ಲಿಗೆ ಕೊಂಡುಹೋಗಿ, ನಿಮ್ಮನ್ನು ಕೂರಿಸಿ ಮಾತಾಡಿಸಿ ಇದನ್ನು ತೆಗೆದಿಟ್ಟುಕೊಳ್ಳುತ್ತಾರೆ” ಎಂದು ಧೈರ್ಯವಾಗಿ ಹೇಳಲು ನಮ್ಮ ನಾಲಿಗೆ ಏಳಲಿಲ್ಲ. ಏಕೆ ಏಳಲಿಲ್ಲ ಎಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೆಲವು ತಿಂಗಳ ಹಿಂದೆ ಒಂದು ವಿಶ್ವವಿದ್ಯಾನಿಲಯದ ಪುಸ್ತಕಾಲಯದಲ್ಲಿ ಏರ್ಪಡಿಸಿದ್ದ ಚರಿತ್ರೆಯ ಪ್ರದರ್ಶನವನ್ನು ನೋಡಲು ಹೋಗಿದ್ದೆವು. ಅದು ನಮ್ಮ ಜಿಲ್ಲೆಯದಲ್ಲ. ಹೆಸರು ಹೇಳಿ ಒಂದು ಸಂಸ್ಥೆಯನ್ನು ಹಳಿಯುವುದು ನಮ್ಮ ಉದ್ದೇಶವೂ ಅಲ್ಲ. ನಮ್ಮೊಡನೆ ಇಬ್ಬರು ರೈತ ಸಂಗಾತಿಗಳಿದ್ದರು. ಬಾಗಿಲಿನಲ್ಲಿ ಕಾವಲಿನವನು ನಮ್ಮನ್ನು ಒಳಗೆ ಬಿಟ್ಟು ಅವರಿಬ್ಬರನ್ನು ತಡೆದು, ಗುರುತಿನ ಚೀಟಿ ಕೇಳಿದ. ಅವನದೇನೂ ತಪ್ಪಿಲ್ಲ, ಪಂಚೆ ಉಟ್ಟು ಹೆಗಲ ಮೇಲೆ ಟವಲು ಹಾಕಿದವರು ಪುಸ್ತಕಾಲಯಕ್ಕೆ ಬಂದುದನ್ನು ಅವನು ಕಂಡಿರಲಿಲ್ಲ.

ಒಳಗೆ ಗಾಜಿನ ಪೆಟ್ಟಿಗೆಗಳು ಸಾಲಾಗಿದ್ದವು. ಅಸ್ತಿಭಾರ ಹಾಕಿದ ಮಹನೀಯರ ಭಾವಚಿತ್ರ, ಅವರು ಹಿಡಿದಿದ್ದ ಬೆಳ್ಳಿಯ ಕರಣೆ, ಕುಲಪತಿಗಳೆಲ್ಲರ ಚಿತ್ರಗಳು, ಘಟಿಕೋತ್ಸವದ ನಿಲುವಂಗಿ. ಪಕ್ಕದ ಕೋಣೆಯಲ್ಲಿ ಪ್ರಾದೇಶಿಕ ಚರಿತ್ರೆ: ಶಾಸನಗಳ ಪಡಿಯಚ್ಚು, ರಾಜರ ನಾಣ್ಯ, ದೇವಾಲಯಗಳ ಚಿತ್ರ. ವಿವರಣೆಗಳು ಬಹುಪಾಲು ಇಂಗ್ಲಿಷಿನಲ್ಲಿ. ಒಂದು ಗೋಡೆಯ ಮೇಲೆ ವಿಶ್ವವಿದ್ಯಾನಿಲಯ ಕಟ್ಟುವ ಮೊದಲಿನ ಭೂಮಿಯ ದೊಡ್ಡ ಚಿತ್ರವಿತ್ತು. ನಮ್ಮ ಸಂಗಾತಿಯೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತರು. ಚಿತ್ರದ ಮೂಲೆಯಲ್ಲಿ ಒಂದು ಬಾವಿಯ ಕಟ್ಟೆ ಕಾಣುತ್ತಿತ್ತು. “ಬಾವಿ ಇದ್ದ ಮೇಲೆ ಜನ ಇದ್ರಲ್ಲ? ಅವರೆಲ್ಲಿ ಹೋದ್ರು?” ಎಂದು ಕೇಳಿದರು. ಆ ಪ್ರಶ್ನೆಗೆ ಪ್ರದರ್ಶನದಲ್ಲಿ ಎಲ್ಲಿಯೂ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನೇ ನಾವು ಇಂದು ಎಲ್ಲ ವಿಶ್ವವಿದ್ಯಾನಿಲಯಗಳ ಮುಂದೆ ಇಡುತ್ತೇವೆ.

ಪುಸ್ತಕಾಲಯದ ಪ್ರದರ್ಶನವೆಂದರೆ ಬಂದ ಅತಿಥಿಗಳಿಗೆ ತೋರಿಸುವ ಅಲಂಕಾರವಲ್ಲ. ಅದು ಜನಗಳಿಗೆ ಒಪ್ಪಿಸುವ ಲೆಕ್ಕ. ವಿಶ್ವವಿದ್ಯಾನಿಲಯ ನಿಂತಿರುವುದು ಜನರ ನೆಲದ ಮೇಲೆ, ನಡೆಯುತ್ತಿರುವುದು ಜನರ ಹಣದಿಂದ. ಪದವೀಧರನಾಗದ ಕೂಲಿಯೂ ಬೆಂಕಿಪೊಟ್ಟಣ ಕೊಳ್ಳುವಾಗ ತೆರಿಗೆ ತೆತ್ತು ಪದವೀಧರನನ್ನು ಸಾಕುತ್ತಾನೆ. ಹೀಗಿರುವಾಗ “ನಾವು ಯಾರು, ಈ ನಾಡು ಹೇಗೆ ಆಯಿತು” ಎಂದು ವಿಶ್ವವಿದ್ಯಾನಿಲಯ ಹೇಳಹೊರಟರೆ, ಆ ಕತೆಯಲ್ಲಿ ಹಣ ಕೊಟ್ಟವನ ಹೆಸರು, ನೆಲ ಬಿಟ್ಟವನ ಹೆಸರು, ಕಲ್ಲು ಹೊತ್ತವಳ ಹೆಸರು ಇರಬೇಡವೆ?

ನಮ್ಮ ಶಿವಮೊಗ್ಗ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಇಲ್ಲಿ ಚರಿತ್ರೆಗೆ ಬರವಿಲ್ಲ. ತಾಳಗುಂದದ ಕದಂಬರ ಶಾಸನವನ್ನೂ ಕೆಳದಿಯ ನಾಯಕರ ವೈಭವವನ್ನೂ ತೋರಿಸುವುದಕ್ಕೆ ನಮ್ಮ ಅಡ್ಡಿಯಿಲ್ಲ; ಅವು ನಮ್ಮವೇ. ಆದರೆ ಶಿವಪ್ಪನಾಯಕನ ‘ಶಿಸ್ತು’ ಎಂಬ ಕಂದಾಯದ ಏರ್ಪಾಟನ್ನು ಹೊಗಳುವ ಫಲಕದಲ್ಲಿ ಆ ಕಂದಾಯವನ್ನು ಬೆಳೆದು ತೆತ್ತವರು ಯಾರೆಂಬ ಒಂದು ಸಾಲೂ ಬರಲಿ ಎಂದು ಕೇಳುತ್ತೇವೆ. ರಾಜನು ಅಳತೆ ಮಾಡಿಸಿದ. ಅಳತೆಯ ಹಗ್ಗ ಹಿಡಿದು ಕೆಸರಿಗೆ ಇಳಿದವನು ರಾಜನಲ್ಲ.

ಅಲ್ಲಿಂದ ಮುಂದೆ ಬನ್ನಿ. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರವೆಂದು ಸಾರಿತು. ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. ಊರಿನ ಮೇಲೆ ಸರ್ಕಾರದ ಸೇಡು ಎರಗಿತು. 1943ರ ಮಾರ್ಚಿಯಲ್ಲಿ ಐವರು ಗಲ್ಲಿಗೇರಿದರು. ಆ ಐವರ ಹೆಸರು ಶಾಲೆಯ ಭಾಷಣದಲ್ಲಿ ವರ್ಷಕ್ಕೊಮ್ಮೆ ಬರುತ್ತದೆ. ಆದರೆ ಗಂಡಸರು ಕಾಡು ಸೇರಿದಾಗ ಮನೆಗಳನ್ನು ನೋಡಿಕೊಂಡ ಹೆಂಗಸರು ಏನು ಅನುಭವಿಸಿದರು, ಆ ವರ್ಷದ ಬೆಳೆ ಏನಾಯಿತು, ಇದನ್ನು ಯಾವ ಗಾಜಿನ ಪೆಟ್ಟಿಗೆ ಹೇಳುತ್ತದೆ?

ಇನ್ನು ಕಾಗೋಡು. 1951ರ ಏಪ್ರಿಲ್ 18ರಂದು ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಹೆಚ್ಚಿನವರು ದೀವರು. ತಗಾದೆ ಹುಟ್ಟಿದ್ದು ಒಂದು ಕೊಳಗದಿಂದ. ಗೇಣಿ ಭತ್ತ ಅಳೆಯುವ ಕೊಳಗ ಸರಿಯಾದ ಅಳತೆಯದಾಗಿರಲಿ ಎಂದು ಅವರು ಕೇಳಿದರು. ಅದಕ್ಕೆ ಗದ್ದೆ ಬಿಡಿಸುವ ಉತ್ತರ ಬಂತು. ಎಚ್. ಗಣಪತಿಯಪ್ಪನವರ ಮುಂದಾಳುತನದ ರೈತ ಸಂಘದೊಡನೆ ಸಮಾಜವಾದಿ ಪಕ್ಷ ನಿಂತಿತು. ತಂಡ ತಂಡವಾಗಿ ಜನ ನೇಗಿಲು ಹಿಡಿದು ಗದ್ದೆಗೆ ಇಳಿದು ಜೈಲಿಗೆ ಹೋದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು. ಮರುವರ್ಷ, 1952ರ ಮೊದಲ ಮಹಾಚುನಾವಣೆಯಲ್ಲಿ, ಶಾಂತವೇರಿ ಗೋಪಾಲಗೌಡರನ್ನು ಸಾಗರ-ಹೊಸನಗರದ ಜನ ವಿಧಾನಸಭೆಗೆ ಕಳಿಸಿದರು. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಪದ್ಧತಿಗೇ ಮುಕ್ತಾಯ ಹಾಡಿತು. ಆ ಕಾನೂನನ್ನು ದೇವರಾಜ ಅರಸರ ಸರ್ಕಾರ ತಂದಿತೆಂದು ಪಠ್ಯಪುಸ್ತಕ ಬರೆಯುತ್ತದೆ, ಅದು ಸತ್ಯ. ಕಾನೂನು ಬರುವುದಕ್ಕೆ ಇಪ್ಪತ್ತಮೂರು ವರ್ಷ ಮೊದಲೇ ಕೊಳಗದ ಬಾಯಿಗೆ ಕೈ ಅಡ್ಡ ಹಿಡಿದವರು ಇದ್ದರೆಂಬುದೂ ಅಷ್ಟೇ ಸತ್ಯ.

ಆ ಕೊಳಗ ಈಗ ಎಲ್ಲಿದೆ? ಯಾರ ಅಟ್ಟದಲ್ಲಿದೆ, ಯಾರ ಹಿತ್ತಲಲ್ಲಿ ಗೊಬ್ಬರ ಹೊರುತ್ತಿದೆ? ಒಂದು ಪ್ರದರ್ಶನಕ್ಕೆ ಅದಕ್ಕಿಂತ ದೊಡ್ಡ ವಸ್ತು ಬೇಕೆ? ನ್ಯಾಯದ ಕೊಳಗವನ್ನೂ ಅನ್ಯಾಯದ ಕೊಳಗವನ್ನೂ ಪಕ್ಕಪಕ್ಕದಲ್ಲಿಟ್ಟರೆ, ಮೂರನೆಯ ಇಯತ್ತೆಯ ಮಗುವಿಗೂ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ.

ಶರಾವತಿಯ ಮಾತೂ ಹೀಗೆಯೇ. ಜೋಗದ ವಿದ್ಯುತ್ತಿಗೆಂದು ಮೊದಲು ಹಿರೇಭಾಸ್ಕರದ ಅಣೆಕಟ್ಟು, ಬಳಿಕ 1964ರಲ್ಲಿ ಲಿಂಗನಮಕ್ಕಿ. ನಾಡಿಗೆಲ್ಲ ದೀಪ ಬಂತು. ದೀಪ ಕೊಟ್ಟವರ ಮನೆ, ಗದ್ದೆ, ತೋಟ, ದೈವದ ಬನ ನೀರಿನಡಿಗೆ ಹೋದವು. ಲಾರಿಗಳಲ್ಲಿ ಸಾಮಾನು ತುಂಬಿಸಿ ತಂದು ಕಾಡಿನಲ್ಲಿ ಬಿಟ್ಟ ಸಂಸಾರಗಳಿಗೆ, ಅರವತ್ತು ವರ್ಷ ಕಳೆದರೂ, ಹಕ್ಕುಪತ್ರದ ತಗಾದೆ ಪೂರ್ತಿ ತೀರಿಲ್ಲ. ಇಲ್ಲಿ ಚರಿತ್ರೆಯೆಂಬುದು ಸತ್ತ ಸಂಗತಿಯಲ್ಲವೆಂಬುದನ್ನು ವಿದ್ವಾಂಸರು ಗಮನಿಸಬೇಕು. ಮುಳುಗಿದ ಊರಿನ ಹಳೆಯ ಒಂದು ಪಹಣಿ, ಒಂದು ಕಂದಾಯ ರಸೀತಿ, ಇಂದಿಗೂ ಒಂದು ಸಂಸಾರದ ಅನ್ನದ ಪ್ರಶ್ನೆ. ಅದನ್ನು ಕಾಪಾಡಿದ ಪುಸ್ತಕಾಲಯವು ಚರಿತ್ರೆಯನ್ನು ಮಾತ್ರವಲ್ಲ, ಒಂದು ಮನೆಯನ್ನೂ ಕಾಪಾಡಬಹುದು.

ಭದ್ರಾವತಿಯ ಕಾಗದದ ಕಾರ್ಖಾನೆ 1930ರ ದಶಕದಲ್ಲಿ ಸ್ಥಾಪನೆಯಾಗಿ, ನಾಡಿನ ಎಷ್ಟೋ ಪುಸ್ತಕಗಳಿಗೆ ಕಾಗದ ಒದಗಿಸಿ, 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಪುಸ್ತಕಾಲಯದ ಕಪಾಟಿನಲ್ಲಿ ಆ ಕಾಗದವಿದೆ. ಅದನ್ನು ಮಾಡಿದ ಕೈಗಳ ಒಂದು ಭಾವಚಿತ್ರವೂ ಕಪಾಟಿನ ಪಕ್ಕದಲ್ಲಿ ಇರಲಿ.

ಇದು ಪ್ರದೇಶದ ಚರಿತ್ರೆಯಾಯಿತು. ವಿಶ್ವವಿದ್ಯಾನಿಲಯದ ಅಂಗಳದ ಚರಿತ್ರೆಯಾದರೂ ಬರಿಯ ಕಟ್ಟಡಗಳ ಚರಿತ್ರೆಯೆ? ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾಯಿತೆಂಬುದನ್ನು ಎಲ್ಲರೂ ಬಲ್ಲರು. ಅಲ್ಲಿ ಕನ್ನಡಕ್ಕಾಗಿ ನಡೆದ ಹೋರಾಟ, ಕುಲಪತಿಯಾಗಿ ಕುವೆಂಪು ಅವರು ಪಟ್ಟ ಶ್ರಮ, ಇವೂ ಚರಿತ್ರೆ. 1973ರ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆಯೆಂದಾಗ, ವಾದಕ್ಕೆ ವಾದ ಹೂಡುವ ಬದಲು ಹರಿಜನ ವಿದ್ಯಾರ್ಥಿಗಳ ಮೇಲೆ ಏರಿ ಹೋದವರು ಕಾಲೇಜಿನ ಹುಡುಗರೇ. ಇದೂ ಅಂಗಳದ ಚರಿತ್ರೆ. ಏಟು ತಿಂದವರ ನಡುವಿನಿಂದಲೇ ದಲಿತ ಚಳವಳಿ ಎದ್ದು ನಿಂತಿತು. ಈ ಸಂಗತಿಯನ್ನು ಬಿಟ್ಟು ಘಟಿಕೋತ್ಸವದ ನಿಲುವಂಗಿಯನ್ನು ಮಾತ್ರ ತೋರಿಸುವುದು, ಮದುವೆಯ ಚಿತ್ರ ತೋರಿಸಿ ಮನೆಯ ಕತೆ ಮುಚ್ಚಿದಂತೆ.

ನಮ್ಮ ಮಾತಿಗೆ ಆಕ್ಷೇಪಗಳು ಬರುವುವೆಂದು ಬಲ್ಲೆವು.

“ಇದು ರಾಜಕೀಯ, ಪುಸ್ತಕಾಲಯಕ್ಕೆ ರಾಜಕೀಯ ಬೇಡ” ಎನ್ನುವವರಿದ್ದಾರೆ. ರಾಜನ ಕಿರೀಟ ತೋರಿಸಿದರೆ ಸಂಸ್ಕೃತಿ, ರೈತನ ರಸೀತಿ ತೋರಿಸಿದರೆ ರಾಜಕೀಯ: ಈ ತಕ್ಕಡಿಯೂ ಕಾಗೋಡಿನ ಕೊಳಗದ ಜಾತಿಯದೇ. ನಾವು ನಮ್ಮ ಪಕ್ಷದ ಬಾವುಟವನ್ನು ಪುಸ್ತಕಾಲಯದಲ್ಲಿ ನೆಡಿರೆಂದು ಕೇಳುತ್ತಿಲ್ಲ. ಗೇಣಿದಾರನ ರಸೀತಿಯ ಪಕ್ಕದಲ್ಲಿ ಧಣಿಯ ಲೆಕ್ಕದ ಪುಸ್ತಕವನ್ನೂ ಇಡಿ. ಅವನಿಗೂ ಹೇಳುವುದಿರಬಹುದು, ಸಣ್ಣ ಹಿಡುವಳಿದಾರರು, ವಿಧವೆಯರು ಕೆಲವರು ಆ ಕಾನೂನಿನಿಂದ ಕಷ್ಟಕ್ಕೊಳಗಾದುದೂ ಉಂಟು. ಅದನ್ನೂ ಬರೆಯಿರಿ. ಎರಡು ಕಾಗದಗಳನ್ನು ಓದಿ ನ್ಯಾಯ ತೀರ್ಮಾನಿಸುವ ಬುದ್ಧಿ ಜನಕ್ಕಿದೆ. ಒಂದು ಕಾಗದವನ್ನು ಬಚ್ಚಿಟ್ಟು ಇನ್ನೊಂದನ್ನು ಗಾಜಿನಲ್ಲಿಡುವುದಕ್ಕೆ ಮಾತ್ರ ನಮ್ಮ ವಿರೋಧ.

“ಹಳೆಯ ಹುಳುಕು ತೋರಿಸಿದರೆ ಸಂಸ್ಥೆಯ ಮರ್ಯಾದೆ ಹೋಗುತ್ತದೆ” ಎನ್ನುವವರೂ ಇದ್ದಾರೆ. ಇವರು ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ಕತೆ ಕೇಳಬೇಕು. ಅದನ್ನು ನಡೆಸುತ್ತಿದ್ದ ಜೆಸ್ಯುಯಿಟ್ ಪಾದ್ರಿಗಳು 1838ರಲ್ಲಿ ತಮ್ಮ ತೋಟಗಳ 272 ಗುಲಾಮರನ್ನು, ಎಳೆ ಮಕ್ಕಳ ಸಹಿತ, ಲೂಸಿಯಾನದ ಧಣಿಗಳಿಗೆ ಮಾರಿದರು. ಆ ಹಣದ ಒಂದು ಪಾಲು ಕಾಲೇಜಿನ ಸಾಲ ತೀರಿಸಿತು. ಎಷ್ಟೋ ಕಾಲ ಅದನ್ನು ಯಾರೂ ಎತ್ತಲಿಲ್ಲ. ಕಡೆಗೆ ವಿದ್ಯಾರ್ಥಿಗಳು ಕೇಳಿದರು, ಮಾರಿಹೋದವರ ಸಂತತಿಯವರು ಕೇಳಿದರು. ಆ ಮಾರಾಟದ ಕಾಗದಪತ್ರಗಳನ್ನು 2016ರಿಂದ ವಿಶ್ವವಿದ್ಯಾನಿಲಯವೇ ಲೋಕದ ಮುಂದೆ ಇಟ್ಟಿತು. ಮಾರಿದ ಪಾದ್ರಿಯ ಹೆಸರಿದ್ದ ಕಟ್ಟಡಕ್ಕೆ 2017ರಲ್ಲಿ, ಮಾರಾಟದ ಪಟ್ಟಿಯಲ್ಲಿ ಮೊದಲು ಬರುವ ಗುಲಾಮ ಐಸಾಕ್ ಹಾಕಿನ್ಸನ ಹೆಸರಿಟ್ಟಿತು. ಇದರಿಂದ ಆ ಸಂಸ್ಥೆ ಮುಳುಗಿಹೋಯಿತೆ? ಇಲ್ಲ. ಮರ್ಯಾದೆ ಹೋಗುವುದು ತಪ್ಪು ಒಪ್ಪುವುದರಿಂದಲ್ಲ, ಸಿಕ್ಕಿಬೀಳುವವರೆಗೆ ಮುಚ್ಚಿಡುವುದರಿಂದ.

ಮೂರನೆಯ ಆಕ್ಷೇಪ ವಿದ್ವಾಂಸರದು: “ಗೆದ್ದಲು ತಿಂದ ಚೀಟಿಗಳನ್ನೆಲ್ಲ ಎಲ್ಲಿ ಇಡುವುದು? ಅವುಗಳಿಗೆ ಏನು ಬೆಲೆ?” ಇದಕ್ಕೆ ಉತ್ತರ ಮೈಸೂರಿನಲ್ಲೇ ಇದೆ. 1891ರಲ್ಲಿ ಸ್ಥಾಪನೆಯಾದ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಒಬ್ಬ ಪಂಡಿತರು ಒಂದು ತಾಳೆಗರಿಯ ಕಟ್ಟನ್ನು ತಂದುಕೊಟ್ಟರು. ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. ಅವರು 1909ರಲ್ಲಿ ಅದನ್ನು ಅಚ್ಚು ಹಾಕಿಸಿದಾಗ ಲೋಕದ ವಿದ್ವಾಂಸರು ಬೆರಗಾದರು. ಅಂದು ಆ ಬಾಗಿಲಿನಲ್ಲಿ ಯಾರಾದರೂ “ಹಳೆಯ ಗರಿ, ಹುಳ ಹಿಡಿದಿದೆ, ಕೊಂಡುಹೋಗಿ” ಎಂದಿದ್ದರೆ? ತಂದುಕೊಟ್ಟವರನ್ನು ಗ್ರಂಥಗಳು ಇಂದಿಗೂ “ತಂಜಾವೂರು ಜಿಲ್ಲೆಯ ಒಬ್ಬ ಪಂಡಿತ” ಎಂದಷ್ಟೇ ಕರೆಯುತ್ತವೆ. ಓದಿದವರಿಗೆ ಕೀರ್ತಿ ಬಂತು, ಅದು ಸಲ್ಲತಕ್ಕದ್ದೇ. ಕಾಪಾಡಿ ತಂದವರು ಹೆಸರಿಲ್ಲದೆ ಹೋದರು. ಕಾಗೋಡಿನ ಗಂಟು ತಂದವರಿಗೆ ಹಾಗಾಗಬಾರದು.

ಪರರನ್ನು ದೂರುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ನಮ್ಮ ಪಕ್ಷದವರು ಭಾಷಣ ಮಾಡಿದ್ದು ಹೆಚ್ಚು, ಕಾಗದ ಕಾಪಾಡಿದ್ದು ಕಡಿಮೆ. ನಮ್ಮ ಈ ಪತ್ರಿಕೆಯ ಹಳೆಯ ಸಂಚಿಕೆಗಳು ಅಂಗಡಿಯಲ್ಲಿ ಕಡಲೆಕಾಯಿ ಕಟ್ಟಲು ಹೋದದ್ದನ್ನು ನಾವೇ ಕಂಡಿದ್ದೇವೆ. ನಮ್ಮ ಕಛೇರಿಯ ಗೋಡೆಯ ಮೇಲಿನ ಸತ್ಯಾಗ್ರಹದ ಚಿತ್ರಗಳಲ್ಲಿ ಮುಖಂಡರೆಲ್ಲರ ಹೆಸರು ಬರೆದಿದೆ. ಹಿಂದೆ ನಿಂತ ಹೆಂಗಸರ ಕೆಳಗೆ “ಇತರರು” ಎಂದು ಬರೆದಿದೆ. ಜೈಲಿಗೆ ಹೋದ ಗಂಡನ ಬದಲು ದುಡಿದು ಮಕ್ಕಳನ್ನು ಸಾಕಿದವಳು “ಇತರರು” ಆದದ್ದು ನಮ್ಮದೇ ಕೈಯಿಂದ. ಈ ನಾಚಿಕೆಯನ್ನು ಇಲ್ಲಿ ಒಪ್ಪಿಕೊಂಡೇ ಮುಂದಿನ ಮಾತು ಹೇಳುತ್ತೇವೆ.

ಕಾಲ ಬಹಳವಿಲ್ಲ. 1951ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಇಂದು ತೊಂಬತ್ತು ದಾಟಿದ್ದಾರೆ. ಬದುಕಿ ಉಳಿದವರು ಬೆರಳೆಣಿಕೆ. ಅವರ ಮಕ್ಕಳೇ ಮುದುಕರಾಗಿದ್ದಾರೆ. ಹಂಚಿನ ಮನೆಗಳು ಹೋಗಿ ತಾರಸಿ ಬರುತ್ತಿವೆ. ಒಂದೊಂದು ಅಟ್ಟ ಖಾಲಿಯಾದಾಗಲೂ ಒಂದೊಂದು ಊರಿನ ಚರಿತ್ರೆ ಒಲೆಗೆ ಬೀಳುತ್ತಿದೆ.

ಆದುದರಿಂದ ಶಂಕರಘಟ್ಟದಲ್ಲಿ 1987ರಿಂದ ನಡೆಯುತ್ತಿರುವ ನಮ್ಮ ಕುವೆಂಪು ವಿಶ್ವವಿದ್ಯಾನಿಲಯವನ್ನೂ, ಅದರೊಡನೆ ನಾಡಿನ ಇತರ ವಿಶ್ವವಿದ್ಯಾನಿಲಯಗಳನ್ನೂ ಕುರಿತು ನಾವು ಕೇಳುವುದು ಇಷ್ಟು:

ಒಂದು, ಪುಸ್ತಕಾಲಯದ ಪ್ರದರ್ಶನದಲ್ಲಿ ಆ ನೆಲದ ಹಿಂದಿನ ವಾಸಿಗಳ, ಕಟ್ಟಡ ಕಟ್ಟಿದ ಕೂಲಿಗಳ, ಅಡಿಗೆಮನೆ ಮತ್ತು ಕಸಗುಡಿಸುವ ನೌಕರರ ಚರಿತ್ರೆಗೆ ಸ್ಥಾನವಿರಬೇಕು.

ಎರಡು, ಪ್ರತಿಯೊಂದು ವಿವರಣೆಯೂ ಮೊದಲು ಕನ್ನಡದಲ್ಲಿರಬೇಕು. ಏಳನೆಯ ತರಗತಿ ಓದಿದವರಿಗೆ ತಿಳಿಯುವ ಕನ್ನಡದಲ್ಲಿ. ಬೇರೆ ಭಾಷೆ ಅದರ ಕೆಳಗೆ ಬರಲಿ.

ಮೂರು, ಪ್ರದರ್ಶನ ಭಾನುವಾರವೂ ತೆರೆದಿರಬೇಕು. ಗುರುತಿನ ಚೀಟಿಯಿಲ್ಲದ ಹಳ್ಳಿಗರಿಗೆ ಬಾಗಿಲು ಮುಚ್ಚಬಾರದು. ವರ್ಷಕ್ಕೊಮ್ಮೆಯಾದರೂ ಆ ಪೆಟ್ಟಿಗೆಗಳು ತಾಲ್ಲೂಕು ಕೇಂದ್ರಗಳಿಗೆ, ಸಂತೆಯ ದಿನ, ಬರಬೇಕು.

ನಾಲ್ಕು, ಊರೂರಿಗೆ ಹೋಗಿ ಕಾಗದಪತ್ರಗಳನ್ನು ನಕಲು ತೆಗೆದುಕೊಳ್ಳುವ ಏರ್ಪಾಟಾಗಬೇಕು. ಮೂಲವನ್ನು ಮಾಲೀಕನು ಇಷ್ಟಪಟ್ಟರೆ ಮಾತ್ರ ಇಟ್ಟುಕೊಳ್ಳಲಿ; ಇಲ್ಲವಾದರೆ ಹಿಂದಿರುಗಿಸಲಿ. ಹಕ್ಕುಪತ್ರದ ತಗಾದೆ ಇರುವವರಿಗೆ ಮೂಲ ಕೈಬಿಟ್ಟರೆ ಅಪಾಯ.

ಐದು, ಕೊಟ್ಟವರಿಗೆ ರಸೀತಿ ಕೊಡಬೇಕು, ಪೆಟ್ಟಿಗೆಯ ಮೇಲೆ ಅವರ ಹೆಸರು ಬರೆಯಬೇಕು. ಹಿರಿಯರು ಬಾಯಲ್ಲಿ ಹೇಳಿದ್ದನ್ನೂ ಅವರ ಮಾತಿನಲ್ಲೇ ಧ್ವನಿಮುದ್ರಿಸಿ ಇಡಬೇಕು.

ಇದಕ್ಕೆ ಕೋಟಿ ರೂಪಾಯಿ ಬೇಡ. ಚರಿತ್ರೆ ಮತ್ತು ಕನ್ನಡ ಓದುವ ವಿದ್ಯಾರ್ಥಿಗಳು ಒಂದು ಬೇಸಗೆಯ ರಜೆಯಲ್ಲಿ ತಮ್ಮ ತಮ್ಮ ಅಜ್ಜ-ಅಜ್ಜಿಯರ ಮುಂದೆ ಕುಳಿತರೆ ಅರ್ಧ ಕೆಲಸವಾದಂತೆಯೇ. ನಮ್ಮ ಪಾಲಿನ ಕೆಲಸವನ್ನು ನಾವು ಮಾಡುತ್ತೇವೆ. ಪ್ರತಿ ತಾಲ್ಲೂಕಿನ ಕಾರ್ಯಕರ್ತರೂ ತಮ್ಮ ಹಳ್ಳಿಗಳಲ್ಲಿ ಇಂಥ ಕಾಗದವಿರುವ ಮನೆಗಳ ಪಟ್ಟಿ ಮಾಡಿ ಕಛೇರಿಗೆ ಕಳಿಸಬೇಕೆಂದು ಈ ಮೂಲಕ ಕೋರುತ್ತೇವೆ. ಓದುಗರಲ್ಲಿ ಒಂದೇ ವಿನಂತಿ: ಮನೆಯ ಅಟ್ಟ ಖಾಲಿ ಮಾಡುವ ಮುನ್ನ ಒಂದು ಸಾರಿ ಓದಿ ನೋಡಿ. ಓದಲು ಬಾರದಿದ್ದರೆ ಶಾಲೆಯ ಮಗುವಿನ ಕೈಗೆ ಕೊಟ್ಟು ಓದಿಸಿ. ಸುಡಬೇಡಿ.

ಆ ವೃದ್ಧ ರೈತರ ಗಂಟು ಈಗ ನಮ್ಮ ಕಛೇರಿಯ ಕಬ್ಬಿಣದ ಬೀರುವಿನಲ್ಲಿದೆ. ಅವರಿಗೆ ರಸೀತಿ ಬರೆದುಕೊಟ್ಟಿದ್ದೇವೆ. ರಸೀತಿಯನ್ನು ಎರಡು ಸಾರಿ ಓದಿಸಿಕೊಂಡು, ಮಡಿಸಿ, ಜೇಬಿನಲ್ಲಿ ಇಟ್ಟುಕೊಂಡರು. ಅವರ ತಂದೆಗೆ ಜೀವಮಾನದಲ್ಲಿ ಸಿಕ್ಕ ರಸೀತಿಗಳು ನಾಲ್ಕು. ಮಗನಿಗೆ ಇದು ಒಂದು. ಆದರೆ ಬೀರು ಅದರ ಕೊನೆಯ ಜಾಗವಲ್ಲ. ಈ ಲೇಖನದ ಪ್ರತಿಯೊಂದನ್ನು ವಿಶ್ವವಿದ್ಯಾನಿಲಯಕ್ಕೆ ಕಳಿಸುತ್ತಿದ್ದೇವೆ. ಬಾಗಿಲು ತೆರೆದರೆ, ಗಂಟನ್ನೂ ಅದರ ಒಡೆಯರನ್ನೂ ಕರೆದುಕೊಂಡು ನಾವೇ ಬರುತ್ತೇವೆ. ಪಂಚೆ ಉಟ್ಟೇ ಬರುತ್ತೇವೆ.